ಈಗ ಕೈಯಾಗ ಯಾವ ಪುಸ್ತಕ ಐತಿ? ಪುಟದ ನಂಬರ್ ಹೇಳೂದು ಕಡ್ಡಾಯ

ಎರಿಹೊಲ, ಬಾಗಲಕೋಟಿ
ಎಲ್ಲಾರಿಗೂ ಶರಣು. ಯಾರರ ‘ಏನ್ ಓದಾಕತ್ತೀರಿ’ ಅಂತ ಕೇಳಿದ್ರ ನಾವ್ ಏನ್ ಮಾಡ್ತೀವಿ? ಹತ್ತ ವರ್ಷದ ಹಿಂದ ಓದಿದ್ದು, ಓದಬೇಕಂತ ಮಾಡಿದ್ದು, ಕಪಾಟಿನ್ಯಾಗ ಚಂದ ಕಾಣೂದು ಎಲ್ಲಾ ಸೇರಿಸಿ ಒಂದ್ ಪಟ್ಟಿ ಒಗದ ಬಿಡ್ತೀವಿ. ಅದಕ್ಕ ಈ ಸಲ ಒಂದ ಷರತ್ತು. ಇವತ್ತ ಕೈಯಾಗ ಇರೂ ಪುಸ್ತಕ ಯಾವ್ದು, ಎಷ್ಟನೇ ಪುಟದಾಗ ಅದೀರಿ, ಅಷ್ಟ ಹೇಳ್ರಿ. ಪುಟ ಹೇಳಲಿಲ್ಲಂದ್ರ ಓದಾಕತ್ತಿಲ್ಲ ಅಂತ ತಿಳಕೋತೀವಿ.

ಮದ್ಲ ನಂದ ಹೇಳ್ತೀನಿ. ಕಂಬಾರರ ‘ಶಿಖರ ಸೂರ್ಯ’. ಪುಟ 96. ಮೂರ ವಾರದಿಂದ 96.

ನಂದು ಗೊಬ್ಬರದ ಅಂಗಡಿ. ಗಲ್ಲಾದ ಮ್ಯಾಲ ಪುಸ್ತಕ ತೆರದ ಇಟ್ಟಿರ್ತೀನಿ. ಕತಿಯೊಳಗಿನ ಕನಕಪುರಿಗೆ ಕಾಲಿಡೂದ್ರಾಗ ‘ಡಿಎಪಿ ಬಂತೇನ್ರಿ’ ಅಂತ ಒಬ್ರು ಬಂದ ನಿಂದರ್ತಾರ. ಇಲ್ರಿ ಕಾಕಾ, ಯೂರಿಯಾ ಐತಿ ಅಂತ ಹೇಳಿ, ಎರಡ ಚೀಲ ಎತ್ತಿಸಿ, ಬಿಲ್ ಹರದ ಕೊಡೂದ್ರಾಗ ಯಾರ್ ಯಾರಿಗೆ ಏನಂದಿದ್ರು ಅನ್ನೂದು ಮರತ ಹೋಗಿರತೈತಿ. ಮತ್ತ ಅದ ಪುಟ, ಅದ ಮದಲನೇ ಸಾಲು. ಪುಟದ ಮೂಲಿ ಜಿಂಕ್ ಪುಡಿ ಹತ್ತಿ ಬೆಳ್ಳಗ ಆಗೇತಿ. ಪುಸ್ತಕ ಕೆಟ್ಟದ್ದಲ್ರಿ, ನಾ ಓದೂ ಜಾಗಾ ಕೆಟ್ಟದ್ದು.

ಡಿಪೋ ನಂಬರ್ 2, ಬೆಳಗಾವಿ
ತೇಜಸ್ವಿ ‘ಕರ್ವಾಲೊ’, ಪುಟ 58. ಗುರ್ತಿಗೆ ಟಿಕೀಟ್ ರೋಲಿನ ತುಂಡು ಇಟ್ಟೀನಿ.
ನಾ ಕಂಡಕ್ಟರ್. ಖಾನಾಪುರ ಕಡೆ ಒಂದ್ ಹಳ್ಳಿಯೊಳಗ ನೈಟ್ ಹಾಲ್ಟ್. ಊಟಾ ಮುಗಿಸಿ ಬಸ್ಸಿನೊಳಗ ಹಿಂದಿನ ಉದ್ದ ಸೀಟಿನ ಮ್ಯಾಲ ಅಡ್ಡಾಗಿ, ಒಂದ ಲೈಟ್ ಹಚ್ಚಿ ಓದಾಕ ಹತ್ತೂದು. ಅರ್ಧಾ ತಾಸಿಗೆ ಡ್ರೈವರ್ ಅಣ್ಣಾ ಮುಂದಿಂದ ಒದರ್ತಾನ, ‘ಬ್ಯಾಟರಿ ಇಳೀತೈತೋ ಮಾರಾಯಾ, ಮುಂಜಾನಿ ನೀನ ದೂಕಾಂವೇನು?’ ಹಿಂಗಾಗಿ ನನ್ನ ಓದು ದಿನಕ್ಕ ಅರ್ಧಾ ತಾಸು, ಅಗದಿ ರೇಷನ್ ಇದ್ದಂಗ.

ಇಂಡಿ ನಿಂಬಿ, ವಿಜಯಪುರ
ಸಾಮಾನ್ಯ ಜ್ಞಾನ, ಪುಟ 312. ಪಿಎಸ್ಐ ಪರೀಕ್ಷಾಕ್ಕ ಓದಾಕತ್ತೀನಿ. ಇದು ಲೆಕ್ಕಕ್ಕ ಐತೋ ಇಲ್ಲೋ ಮದ್ಲ ಹೇಳ್ರಿ, ಇಲ್ಲಾಂದ್ರ ನಾ ಹೋಗ್ತೀನಿ.

ಎರಿಹೊಲ, ಬಾಗಲಕೋಟಿ
ಐತಿ ತಮ್ಮಾ. ಪುಟ ಹೇಳೀದಿ ಅಲಾ, ಮುಗೀತು.

ನಿವೃತ್ತ ಮಾಸ್ತರ, ವಿಜಯಪುರ
ಲೆಕ್ಕಕ್ಕೆ ಇದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆಗೆ ಓದುವುದು ಹೊಟ್ಟೆಪಾಡು. ತಪ್ಪಲ್ಲ, ಆದರೆ ಈ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಇರಲಿ, ಹುಡುಗ ಬೇಜಾರು ಮಾಡಿಕೊಳ್ಳಬಾರದು.

ನಾನು ಓದುತ್ತಿರುವುದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’. ಪುಟ 49. ಎರಡನೇ ಓದು. ಲೇಖಕರು ನಮ್ಮ ಜಿಲ್ಲೆಯವರೇ, ಮುದ್ದೇಬಿಹಾಳದವರು. ಮೊದಲ ಸಲ ಓದಿದಾಗ ನಾನಿನ್ನೂ ನೌಕರಿಯಲ್ಲಿದ್ದೆ. ಶಾಲೆಯ ಅನುಭವಗಳು ಬರುವ ಪುಟಗಳನ್ನು ಆಗ ಸರಸರ ದಾಟಿಬಿಟ್ಟಿದ್ದೆ. ಈಗ ದಾಟಲು ಆಗುತ್ತಿಲ್ಲ. ನನ್ನ ತರಗತಿಯಲ್ಲಿ ಯಾರನ್ನು ಎಲ್ಲಿ ಕೂಡಿಸುತ್ತಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಕುಳಿತುಬಿಡುತ್ತೇನೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದು ಸುಲಭದ ಪುಸ್ತಕವಲ್ಲ.

ಇಂಡಿ ನಿಂಬಿ, ವಿಜಯಪುರ
ಬೇಜಾರಿಲ್ರಿ ಸರ್. ಆದ್ರ ಒಂದ್ ಹೇಳ್ತೀನಿ. ಫ.ಗು. ಹಳಕಟ್ಟಿಯವರ ಹೆಸರು ನಮ್ಮೂರಾಗ ಎಲ್ಲಾ ಕಡೆ ಐತಿ. ಅವರು ಯಾರು, ಏನ್ ಮಾಡಿದ್ರು ಅಂತ ನಾ ತಿಳಕೊಂಡಿದ್ದು ಈ ಹೊಟ್ಟಿಪಾಡಿನ ಪುಸ್ತಕದಿಂದನ. ಹುಟ್ಟಿದ್ದು ಜುಲೈ 2, 1880. 1923 ವಚನಶಾಸ್ತ್ರ ಸಾರ. 1926 ಶಿವಾನುಭವ ಪತ್ರಿಕೆ. ಹೇಳ್ರಿ, ನಿಮ್ಮ ಕಾದಂಬರಿ ಮಂದಿಗೆ ಎಷ್ಟ ಜನಕ್ಕ ಗೊತ್ತೈತಿ?

ನಿವೃತ್ತ ಮಾಸ್ತರ, ವಿಜಯಪುರ
ಇಸವಿಗಳೆಲ್ಲ ಸರಿ. ಆದರೆ ಇಸವಿಗಳ ನಡುವೆ ಏನಿತ್ತು ಎನ್ನುವುದನ್ನು ನಿನ್ನ ಪುಸ್ತಕ ಹೇಳುತ್ತದೆಯೇ? ಆ ಮನುಷ್ಯ ವಕೀಲ. ಮನೆಮನೆ ತಿರುಗಿ ವಚನಗಳ ತಾಡೋಲೆ ಕೂಡಿಹಾಕಿದರು. ಅಚ್ಚು ಹಾಕಿಸಲು ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ಇಟ್ಟರು. ಅದಾದ ಮೇಲೆ ಕೊನೆಯವರೆಗೂ ಬಾಡಿಗೆ ಮನೆ. ನಾವು ಇಲ್ಲಿ ಮುನ್ನೂರು ರೂಪಾಯಿಯ ಪುಸ್ತಕ ಕೊಳ್ಳಲು ಮೂರು ಸಲ ವಿಚಾರ ಮಾಡುತ್ತೇವೆ.

ಇಂಡಿ ನಿಂಬಿ, ವಿಜಯಪುರ
ಮನೀ ಮಾರಿದ್ದು ಇಲ್ರಿ ಇದ್ರಾಗ. ನಾಲ್ಕ ಆಪ್ಷನ್ ಅಷ್ಟ ಅದಾವ.

ಇಳಕಲ್ಲ ಸೆರಗು
ಬಾನು ಮುಷ್ತಾಕ್ ಅವರ ಕತಿಗಳು, ಪುಟ 77. ಆದ್ರ ನಾ ಓದಾಕತ್ತಿಲ್ಲ, ಕೇಳಾಕತ್ತೀನಿ. ನಾ ಮಗ್ಗದಾಗ ಕುಂತಿರ್ತೀನಿ, ಮಗಳು ಬಾಜೂಕ ಕುಂತು ಜೋರಾಗಿ ಓದ್ತಾಳ. ಆಕಿ ಪಿಯುಸಿ. 2025ರಾಗ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಆಕಿ ಕಾಲೇಜಿನ್ಯಾಗ ಎಲ್ಲಾರೂ ಅದರದ ಮಾತಾಡಿದ್ರಂತ, ‘ಅವ್ವಾ ನಾವೂ ತರೂಣು’ ಅಂದಳು. ತಂದ್ವಿ.

ಕುಣಿ ಮಗ್ಗದ ಸಪ್ಪಳದಾಗ ಓದೂದು ಅಂದ್ರ ಸಣ್ಣ ಮಾತಲ್ರಿ. ಲಾಳಿ ಹೊಡೆಯೂ ತಾಳಕ್ಕ ಆಕಿ ದನಿ ಏರಸ್ತಾಳ, ಇಳಸ್ತಾಳ. ಕೊಂಡಿ ಹಾಕೂ ಹೊತ್ತಿಗೆ ಮಾತ್ರ ‘ನಿಂದ್ರವ್ವಾ’ ಅಂತೀನಿ. ಮೈ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಒಂದೊಂದ ಹೆಣೀಬೇಕು. ಅಲ್ಲಿ ಗ್ಯಾನ ತಪ್ಪಿದ್ರ ಸೀರಿ ಹೋತು. ಹಿಂಗಾಗಿ ಪ್ರತಿ ಸೀರಿಗೆ ಒಂದ ಸಲ ಕತಿ ನಡುವನ ನಿಂತ ಬಿಡತೈತಿ. ಮಗಳು ಒಬ್ಬಾಕಿನ ಮುಂದಿಂದು ಕಳುವಲೆ ಓದಿ ಇಟ್ಟಿರ್ತಾಳ, ನನಗ ಗೊತ್ತಾಗತೈತಿ. ದನಿಯೊಳಗ ತಿಳೀತೈತಿ.

ಗೋಲಗುಮ್ಮಟದ ಪಿಸುಮಾತು
ಅಕ್ಕಾರ, ಕೇಳೂದು ಓದೂದು ಹೆಂಗಾಗತೈತಿ? ಇದು ಓದಿನ ಚರ್ಚಾ.

ಇಳಕಲ್ಲ ಸೆರಗು
ಪುರಾಣ ಹಚ್ಚಿದಾಗ ನಿಮ್ಮ ಅಜ್ಜ ಗುಡಿಯಾಗ ಕುಂತು ಏನ್ ಮಾಡ್ತಿದ್ದರು? ಪುಸ್ತಕ ಹಿಡಕೊಂಡಿದ್ದರೇನು? ಒಬ್ಬಾಂವ ಓದ್ತಿದ್ದ, ಒಬ್ಬಾಂವ ಅರ್ಥಾ ಹೇಳ್ತಿದ್ದ, ಊರ ಮಂದಿ ಕೇಳ್ತಿತ್ತು. ತಿಂಗಳಾನಗಟ್ಲೆ. ಅದು ಓದಲ್ಲಂದ್ರ ನಮ್ಮ ಕಡಿ ಯಾರೂ ಏನೂ ಓದೇ ಇಲ್ಲ ಬಿಡ್ರಿ.

ಡಿಪೋ ನಂಬರ್ 2, ಬೆಳಗಾವಿ
ಪಿಸುಮಾತು ಅಣ್ಣಾರ, ಅಕ್ಕಾರು ಟಿಕೀಟ್ ಹರದ ಕೈಯಾಗ ಕೊಟ್ರು. ಇಳೀರಿ.

ಅತ್ತಿ ಸೊಸಿ ಮತ್ತು ಪರ್ವ, ಬೆಳಗಾವಿ
ಈ ಪುಟದ ನಂಬರಿನ ಷರತ್ತಿಗೇ ನನ್ನ ತಕರಾರು. ಯಾಕಂದ್ರ ನಮ್ಮನಿಯೊಳಗ ಈಗ ಅದರದ ಜಗಳ ನಡದದ.

ನಮ್ಮ ಅತ್ತಿ ಕೊಲ್ಹಾಪುರದವರು, ಕನ್ನಡ ಮಾತಾಡ್ತಾರ, ಆದ್ರ ಓದೂದು ಮರಾಠಿ ಅಷ್ಟ. 2025ರ ಸೆಪ್ಟೆಂಬರ್‌ದಾಗ ಭೈರಪ್ಪನವರು ಹೋದ ಸುದ್ದಿ ಟೀವಿಯೊಳಗ ಬಂದಾಗ ಅತ್ತಿ ಒಮ್ಮೆಲೆ ‘ಅಗ ಬಾಯಿ’ ಅಂದ್ರು. ನಾ ಕೇಳಿದೆ, ನಿಮಗ ಹೆಂಗ ಗೊತ್ತು? ‘ನಮ್ಮ ಊರಾಗ ಎಲ್ಲಾರೂ ಓದ್ತಾರ, ಉಮಾ ಕುಲಕರ್ಣಿ ಅನುವಾದ ಮಾಡ್ಯಾರಲಾ’ ಅಂದ್ರು. ಉಮಾ ಕುಲಕರ್ಣಿಯವರು ಹುಟ್ಟಿದ್ದು ನಮ್ಮ ಬೆಳಗಾವಿಯೊಳಗನ ಅಂತ ಅತ್ತಿಗೂ ಗೊತ್ತಿತ್ತು, ನನಗ ಗೊತ್ತಿರಲಿಲ್ಲ. ನಾಚಿಕಿ ಆತು.

ಆಮ್ಯಾಲ ಇಬ್ರೂ ‘ಪರ್ವ’ ಹಿಡದ್ವಿ. ಅವರದು ಮರಾಠಿ, ನಂದು ಕನ್ನಡ. ‘ನೀ ಎಷ್ಟನೇ ಪುಟ?’ ‘130.’ ‘ನಾ 150, ನಾನ ಮುಂದ.’ ಮುಂದ ಹೆಂಗರೀ? ಅವರ ಪುಸ್ತಕದ ಅಕ್ಷರ ಬ್ಯಾರೆ, ಪುಟದ ಅಳತಿ ಬ್ಯಾರೆ. ಹಿಂಗಾಗಿ ನಾವು ಪುಟ ಬಿಟ್ಟು ಮಂದಿ ಹಿಡದೀವಿ. ‘ನೀ ಯಾರ ಹತ್ರ ಇದ್ದಿ?’ ‘ಶಲ್ಯನ ದಾಟಿ ಕುಂತಿ ಹತ್ರ.’ ‘ನಾ ಭೀಮನ ಹತ್ರ.’ ಇದು ಸರಿ ಲೆಕ್ಕ. ಮಧ್ಯಾಹ್ನ ಊಟದಾಗ ಕುಂತಿ ಮಾಡಿದ್ದು ಬರೋಬರಿನೋ ಅಲ್ಲೋ ಅಂತ ಜಗಳಾ ಹತ್ತಿದ್ರ ನಮ್ಮನಿಯವರು ತಾಟು ತಗೊಂಡು ಹೊರಗ ಹೋಗ್ತಾರ.

ಎರಿಹೊಲ, ಬಾಗಲಕೋಟಿ
ಅಕ್ಕಾರ, ನಿಮ್ಮ ಲೆಕ್ಕ ಚಲೋ ಐತಿ. ಆದ್ರ ನನ್ನ ಷರತ್ತು ಬಿಡಾಂಗಿಲ್ಲ. ಪುಟಾನೂ ಹೇಳ್ರಿ, ಯಾರ ಹತ್ರ ಅದೀರಿ ಅನ್ನೂದೂ ಹೇಳ್ರಿ.

ಕಿತ್ತೂರ ಕಹಳೆ
ಭೈರಪ್ಪನ ಹೆಸರ ಬಂತಲಾ, ಇನ್ನ ನೋಡ್ರಿ. ‘ಆವರಣ’ದ ಬಗ್ಗೆ ಒಂದ್ ಮಾತ...

ನಿರ್ವಾಹಕ
‘ಆವರಣ’ದ ಜಗಳಕ್ಕೆ ಈಗಾಗಲೇ ಮೂರು ಬೇರೆ ಚರ್ಚೆಗಳು ಇವೆ, ಮೂರನ್ನೂ ನಾನೇ ಮುಚ್ಚಿದ್ದೇನೆ. ಇಲ್ಲಿ ಶುರುಮಾಡಬೇಡಿ. ಏನು ಓದುತ್ತಿದ್ದೀರಿ, ಅಷ್ಟೇ.

ಡಿಪೋ ನಂಬರ್ 2, ಬೆಳಗಾವಿ
ನಾನೂ ನಿರ್ವಾಹಕನ ಅದೀನ್ರಿ ಸರ್, ಬ್ಯಾಜ್‌ನ್ಯಾಗ ಹಂಗ ಬರದೈತಿ. ‘ಮುಂದ ಸರೀರಿ, ಮುಂದ ಸರೀರಿ’ ಅಂತ ದಿನಾ ಒದರ್ತೀನಿ. ಯಾರೂ ಸರಿಯಂಗಿಲ್ಲ.

ಕಿತ್ತೂರ ಕಹಳೆ
ಸರಿ, ಬಿಟ್ಟೆ. ರಾಘವೇಂದ್ರ ಪಾಟೀಲರ ‘ತೇರು’, ಪುಟ 61. ನಮ್ಮ ಗೋಕಾಕ ಸೀಮಿ ಭಾಷಾ. ಧರಮನಟ್ಟಿ ವಿಠ್ಠಲನ ತೇರು ಮುಂದ ಸರಿಯಂಗಿಲ್ಲ, ಗಾಲಿಗೆ ಬಲಿ ಬೇಕಂತಾರ. ನಾ ಸಣ್ಣಾಂವಿದ್ದಾಗ ನಮ್ಮೂರ ಜಾತ್ರ್ಯಾಗ ತೇರಿನ ಹಗ್ಗಾ ಹಿಡದ ಎಳದೀನಿ, ಉತ್ತತ್ತಿ ಒಗದೀನಿ. ಇದನ್ನ ಓದಿದ ಮ್ಯಾಲ ಮುಂದಿನ ವರ್ಷ ಹಗ್ಗಕ್ಕ ಕೈ ಹಚ್ಚಬೇಕಾದ್ರ ಗಾಲಿ ಕಡೆ ನೋಡ್ತೀನಿ. ಇದಕ್ಕ 2005ರಾಗ ಸಾಹಿತ್ಯ ಅಕಾಡೆಮಿ ಬಂದೈತಿ. ಸಣ್ಣ ಪುಸ್ತಕ. ಎರಿಹೊಲ ಅಣ್ಣಾರ, ನೀವು 96ರಾಗ ಸಿಕ್ಕೊಂಡೀರಲ್ಲ, ಅದನ್ನ ಬಾಜೂಕ ಇಟ್ಟು ಇದನ್ನ ಓದ್ರಿ.

ಎರಿಹೊಲ, ಬಾಗಲಕೋಟಿ
ಬಾಜೂಕ ಇಡೂ ಮಾತ ಇಲ್ಲ. ನಮ್ಮಪ್ಪ ಅರ್ಧಾ ಉತ್ತಿದ ಹೊಲಾ ಬಿಟ್ಟು ಬಂದಾಂವಲ್ಲ.

ಇಂಡಿ ನಿಂಬಿ, ವಿಜಯಪುರ
ಅದಕ್ಕ ಬಿತ್ತೂದು ತಡಾ ಆಗೂದು.

ಬೆಂಗಳೂರಾಗಿನ ಬಿಜಾಪುರದಾಂವ
ವಸುಧೇಂದ್ರರ ‘ತೇಜೋ ತುಂಗಭದ್ರಾ’, ಪುಟ 203. ಓದೂ ಜಾಗಾ ಮೆಟ್ರೊ. ಹಸಿರು ಲೈನಿನ್ಯಾಗ ನಿಂತಕೊಂಡು, ಒಂದ ಕೈ ಹಿಡಕಿಗೆ, ಒಂದ ಕೈ ಪುಸ್ತಕಕ್ಕ. ಪುಟ ತಿರುವಾಕ ಸ್ಟೇಷನ್ ಬರಬೇಕು. ಲಿಸ್ಬನ್, ಗೋವಾ, ವಿಜಯನಗರ ಎಲ್ಲಾ ಕಡೆ ಅಡ್ಡಾಡಸ್ತಾರ. ನಾ ಮಾತ್ರ ನಮ್ಮ ಊರ ಯಾವಾಗ ಬರತೈತಿ ಅಂತ ಕಾಯಕೋಂತ ಓದಾಕತ್ತೀನಿ. 1510ರಾಗ ಪೋರ್ಚುಗೀಸರು ಗೋವಾ ಕಸಕೊಂಡಿದ್ದು ಯಾರ ಕೈಯಿಂದ? ನಮ್ಮ ಆದಿಲಶಾಹಿ ಕೈಯಿಂದ. ವಿಜಯನಗರದ ಮ್ಯಾಲ ಕಾದಂಬರಿ ಲೆಕ್ಕಾ ಇಲ್ಲದಷ್ಟು ಅದಾವ. ನಮ್ಮೂರಿನ ಮ್ಯಾಲ ಕನ್ನಡದಾಗ ಏನ್ ಐತಿ ಹೇಳ್ರಿ ಯಾರರ.

ಮತ್ತ ಇನ್ನೊಂದು. ಇಲ್ಲಿ ಆಫೀಸಿನ್ಯಾಗ ‘ಓದಾಕತ್ತೀನಿ’ ಅಂದ್ರ ನಗ್ತಾರ. ಹಿಂಗಾಗಿ ನಾ ಈ ಕಡೆ ಬಂದ ಟೈಪ್ ಮಾಡೂದು. ಹೊಟ್ಟಿ ತಣ್ಣಗಾಗತೈತಿ.

ನಿವೃತ್ತ ಮಾಸ್ತರ, ವಿಜಯಪುರ
ಇದೆಯಲ್ಲ. ಆದಿಲಶಾಹಿ ಕಾಲದ ಪರ್ಶಿಯನ್, ದಖನಿ ಗ್ರಂಥಗಳ ಕನ್ನಡ ಅನುವಾದದ ಸಂಪುಟಗಳು ಇದೇ ಊರಿನ ಹಳಕಟ್ಟಿ ಸಂಶೋಧನಾ ಕೇಂದ್ರದಿಂದ ಬಂದಿವೆ. ಎರಡನೇ ಇಬ್ರಾಹಿಂ ಆದಿಲಶಾಹ ಬರೆದ ‘ಕಿತಾಬ್-ಎ-ನವರಸ್’ ಹೆಸರು ಕೇಳಿರಬಹುದು. ರಾಗಗಳಿಗೆ ಹೊಂದಿಸಿದ ಹಾಡುಗಳು. ಸುಲ್ತಾನ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ಹಾಡು ಕಟ್ಟಿದ್ದಾನೆ. ಕಾದಂಬರಿಯ ಹಾಗೆ ಓಡುವುದಿಲ್ಲ, ದಿನಕ್ಕೆ ಎರಡು ಹಾಡು ಸಾಕು.

ನಾಟಕ ಬೇಕಾದರೆ ಕಾರ್ನಾಡರ ‘ರಾಕ್ಷಸ ತಂಗಡಿ’, 2018ರದು. ಹೆಸರು ನೋಡಿ ಯಾರೋ ರಾಕ್ಷಸನ ತಂಗಿ ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಅವು ಎರಡು ಊರುಗಳು. ಕೃಷ್ಣೆಯ ದಂಡೆಯಲ್ಲಿ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಇನ್ನೊಂದು ರಕ್ಕಸಗಿ. 1565ರ ಜನವರಿಯ ಯುದ್ಧಕ್ಕೆ ತಾಳಿಕೋಟಿ ಕದನ ಎಂದು ಹೆಸರು ಬಿದ್ದಿದೆ, ಪಾಪ ತಾಳಿಕೋಟಿ ಅಲ್ಲಿಂದ ದೂರ.

ಬೆಂಗಳೂರಾಗಿನ ಬಿಜಾಪುರದಾಂವ
ಸರ್, ತಂಗಡಗಿ ನಮ್ಮ ಸೋದರಮಾವನ ಊರ ಕಡೆ! ಅಲ್ಲಿ ಹೊಳ್ಯಾಗ ಈಜು ಕಲ್ತೀನಿ. ಯಾರೂ ಒಂದ ಮಾತ ಹೇಳಲಿಲ್ಲಲ್ರಿ ನನಗ.

ಖಾಲಿ ಕಪಾಟು
ಪಿಡಿಎಫ್ ಇದ್ರ ಹಾಕ್ರಿ ಇಲ್ಲೇ.

ಇಂಡಿ ನಿಂಬಿ, ವಿಜಯಪುರ
ಹ್ಞಾಂ, ನಂದೂ ಅದ. ಫೋನಿನ್ಯಾಗ ಪಿಡಿಎಫ್ ಎರಡ ನೂರ ಅದಾವ. ಎಲ್ಲಾದ್ರಾಗೂ ಪುಟ 4.

ಸೆಕೆಂಡ್ ಹ್ಯಾಂಡ್, ಬೆಳಗಾವಿ
ಪಿಡಿಎಫ್ ಕೇಳಬ್ಯಾಡ್ರಿ ಮಾರಾಯ್ರಾ. ನಾ ಹಳೇ ಪುಸ್ತಕದ ವ್ಯಾಪಾರ ಮಾಡಾಂವ. ಕನ್ನಡ ಕಾದಂಬರಿ ಒಂದ್ ಸಾವಿರ ಪ್ರತಿ ಹಾಕಿದ್ರ ಅದು ಖರ್ಚಾಗಾಕ ವರ್ಷಗಟ್ಲೆ ಹಿಡೀತೈತಿ. ಅದನ್ನ ಯಾರೋ ಸ್ಕ್ಯಾನ್ ಮಾಡಿ ಗ್ರೂಪಿಗೆ ಬಿಟ್ರ ಬರದಾಂವ ಏನ್ ತಿನ್ನಬೇಕು?

ಖಾಲಿ ಕಪಾಟು
ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಸಾವಿರ ಪ್ರತಿ ಮಾಡಿ ಹಂಚಿದಳು. ಆಕಿಗೆ ದಾನಚಿಂತಾಮಣಿ ಅಂದ್ರಿ. ನಾ ಫಾರ್ವರ್ಡ್ ಮಾಡಿದ್ರ ಕಳ್ಳ ಅಂತೀರಿ.

ಮುಧೋಳ ಹುಡಿಗಿ
ಆಕಿ ಬರಿಯೋರಿಗೆ ರೊಕ್ಕಾ ಕೊಟ್ಟು, ತಾಡೋಲಿ ತರಿಸಿ ಮಾಡಿಸಿದಳು. ನೀ ಏನ್ ಕೊಟ್ಟಿ? ಡಾಟಾ ಪ್ಯಾಕ?

ಹೊಳ್ಳಿ ಬಂದೆ ನನ್ನ ಪುಸ್ತಕಕ್ಕ. ರನ್ನನ ‘ಗದಾಯುದ್ಧ’. ಊರಾಗ ರನ್ನನ ಹೆಸರಿಲೆ ಉತ್ಸವ ಮಾಡ್ತಾರ, ರನ್ನನ ಹೆಸರಿಲೆ ಭವನ ಐತಿ, ಸಕ್ಕರಿ ಕಾರ್ಖಾನಿ ಐತಿ, ಆದ್ರ ರನ್ನನ್ನ ಓದಿದವರ್ಯಾರು ಅಂತ ಕೇಳಿದ್ರ ಎಲ್ಲಾರೂ ಮುಧೋಳ ನಾಯಿ ಕಡೆ ನೋಡ್ತಾರ. ಹಂಗಾಗಿ ಹಟಾ ಹಿಡದು ತಗೊಂಡೆ. ಪದ್ಯ, ಅದರ ಕೆಳಗ ಗದ್ಯ ಇರೂ ಪುಸ್ತಕ. ಮದ್ಲ ಪದ್ಯ ಒಮ್ಮಿ ಬಾಯ್ಬಿಟ್ಟು ಓದ್ತೀನಿ, ತಿಳಿಯಂಗಿಲ್ಲ. ಗದ್ಯ ಓದ್ತೀನಿ. ಮತ್ತ ಪದ್ಯ ಓದ್ತೀನಿ, ಅವಾಗ ಮೈ ಜುಂ ಅಂತೈತಿ. ಒಂದ ಪುಟಕ್ಕ ಮೂರ ಓದು. ಪರ್ವ ಅಕ್ಕಾರ ಲೆಕ್ಕದ ಪ್ರಕಾರ ಯಾರ ಹತ್ರ ಅದೀನಿ ಅಂದ್ರ, ಅಭಿಮನ್ಯುವಿನ ಹೆಣದ ಹತ್ರ. ದುರ್ಯೋಧನ ಸಂಜಯನ ಕೂಡ ರಣರಂಗದಾಗ ಹೆಣಾ ದಾಟಕೋಂತ ಹೊಂಟಾನ. ವೈರಿ ಮಗಾ ಸತ್ತ ಬಿದ್ದಾನ, ಅವನ ಪರಾಕ್ರಮಕ್ಕ ಈತ ಕೈ ಮುಗೀತಾನ. ಸಾಲೀ ಪುಸ್ತಕದಾಗ ದುರ್ಯೋಧನ ಅಂದ್ರ ಬರೇ ಮೀಸಿ. ಇಲ್ಲಿ ಆ ಮನಶ್ಯಾ ಬ್ಯಾರೇನ ಅದಾನ.

ಪುಟ 118.

ನಿವೃತ್ತ ಮಾಸ್ತರ, ವಿಜಯಪುರ
ಶಹಬ್ಬಾಸ್ ಮಗಳೇ. 982ರಷ್ಟು ಹಳೆಯ ಕಾವ್ಯ, ಬರೆದವನು ಬಳೆಗಾರರ ಮನೆಯ ಹುಡುಗ. ನೀನು ಮಾಡುತ್ತಿರುವ ಕ್ರಮ ಸರಿ. ಗದ್ಯ ಓದಿ ನಿಲ್ಲಿಸಬೇಡ.

ಹಲಸಂಗಿ ಸೊಸಿ
‘ಗರತಿಯ ಹಾಡು’, ಪುಟ 64. ಎರಡ ತಿಂಗಳಾತು. ಎರಿಹೊಲ ಅಣ್ಣಾರ, ನಿಮಗ ಗಿರಾಕಿ ಕಾಟ, ನನಗ ಆಯಿ ಕಾಟ.

ನಮ್ಮೂರ ಹುಡುಗರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ, ಇವರೆಲ್ಲಾ ಕೂಡಿ ಹಾಡು ಬರಕೊಂಡು 1931ರಾಗ ಅಚ್ಚು ಹಾಕಿಸಿದ ಪುಸ್ತಕ ಅಂತ ನಿಮಗ ಗೊತ್ತೈತಿ. ಮಗ್ಗದ ಅಕ್ಕಾರ ಕತಿ ಓದಿ ನನಗೂ ಹೇಳಬೇಕನಸ್ತು. ಒಂದಿನ ಸಂಜಿಮುಂದ ಪಡಸಾಲ್ಯಾಗ ಕುಂತು ನಾ ಇದನ್ನ ದನಿ ತಗದು ಓದಾಕತ್ತಿದ್ದೆ. ನಮ್ಮ ಅತ್ತಿಯವರ ಅವ್ವ, ನಾವ್ ಆಯಿ ಅಂತೀವಿ, ಶೇಂಗಾ ಸುಲಿಯಾಕತ್ತಿದ್ರು. ಒಂದ ತ್ರಿಪದಿ ಓದಿದೆ. ‘ತಪ್ಪೈತಿ’ ಅಂದ್ರು. ನಾ ಅಂದೆ, ಆಯಿ, ಪುಸ್ತಕದಾಗ ಹಿಂಗ ಐತಿ. ‘ಪುಸ್ತಕ ಬೀಸೇತೇನು ಜ್ವಾಳಾ?’ ಅಂದ್ರು! ಆಮ್ಯಾಲ ಕೈಯಾಗಿನ ಶೇಂಗಾ ಮೊರದಾಗ ಹಾಕಿ, ಬೀಸೂಕಲ್ಲಿನ ಗೂಟಾ ಹಿಡದವರಂಗ ಬಲಗೈ ಗಾಳ್ಯಾಗ ತಿರುವಕೋಂತ ತಮ್ಮದು ಹಾಡಿದ್ರು. ಮದಲನೇ ಎರಡ ಸಾಲು ಅದ, ಮೂರನೇದು ಪೂರಾ ಬ್ಯಾರೆ. ಕೈ ತಿರುವದ ಅವರಿಗೆ ಹಾಡು ನೆನಪಾಗಂಗಿಲ್ಲ. ನಾ ಪರೀಕ್ಷಾ ಮಾಡೀನಿ, ಕೈ ಹಿಡದ್ರ ಮರೀತಾರ.

ಈಗ ನಾ ಪುಸ್ತಕದ ಬಾಜೂಕ ಪೆನ್ಸಿಲಿಲೆ ಆಯಿದು ಬರಕೋತೀನಿ. ಒಂದ ಪುಟಕ್ಕ ಒಂದ ವಾರ. ಬರಕೊಂಡಿದ್ದನ್ನ ಓದಿ ತೋರ್ಸಿದ್ರ, ‘ನಾ ಹಿಂಗ ಅಂದೇ ಇಲ್ಲ’ ಅಂತ ಇನ್ನೊಂದು ಹಾಡ್ತಾರ.

ಅತ್ತಿ ಸೊಸಿ ಮತ್ತು ಪರ್ವ, ಬೆಳಗಾವಿ
‘ಪುಸ್ತಕ ಬೀಸೇತೇನು ಜ್ವಾಳಾ’. ಇದನ್ನ ನಮ್ಮ ಅತ್ತಿಗೆ ಮರಾಠಿಯೊಳಗ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆಮ್ಯಾಲ ತಾವೂ ಜಾತ್ಯಾವರಚಿ ಓವಿ, ಅಂದ್ರ ಬೀಸೂಕಲ್ಲಿನ ಹಾಡು, ಅಂತ ಎರಡ ಹಾಡಿದ್ರು. ಅವರ ಕೈನೂ ಹಂಗ ತಿರುಗ್ತು ನೋಡ್ರಿ.

ನಿವೃತ್ತ ಮಾಸ್ತರ, ವಿಜಯಪುರ
ಹಲಸಂಗಿ ತಂಗಿ, ಪೆನ್ಸಿಲ್ ಬೇಡಮ್ಮ, ಫೋನಿನಲ್ಲಿ ದನಿ ಹಿಡಿದಿಡು. ಇವತ್ತೇ. ತ್ರಿಪದಿಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯ ವಯಸ್ಸು. ಆಯಿ ಹಾಗಲ್ಲ.

ಹಲಸಂಗಿ ಸೊಸಿ
ಫೋನ್ ಮುಂದ ಹಿಡದ್ರ ಬಾಯಿ ಮುಚ್ಚತಾರ್ರೀ ಸರ್. ಸೆರಗ ಸರಿ ಮಾಡಕೊಂಡು ಸುಮ್ನ ಕುಂದರ್ತಾರ, ಫೋಟೋ ಅಂತ ತಿಳಕೊಂಡು. ಇವತ್ತ ಉಡಿಯಾಗ ಮುಚ್ಚಿಟ್ಟು ಹಿಡೀತೀನಿ.

ಮುಳುಗಡೆ ಮನಿ, ನವನಗರ
ಈ ಚರ್ಚಾ ಎರಡ ದಿನದಿಂದ ಓದಾಕತ್ತೀನಿ, ಬರೀಲೋ ಬ್ಯಾಡೋ ಅಂತ. ರಾವಬಹಾದ್ದೂರರ ‘ಗ್ರಾಮಾಯಣ’, ಪುಟ 23. ಆ ರಾವಬಹಾದ್ದೂರ ಸಾಹೇಬರು ಸರಕಾರಿ ಬಿರುದು ತಗೊಂಡವರು, ಹಳ್ಳಿ ಸಂಕಟ ಅವರಿಗೇನ್ ಗೊತ್ತು ಅಂತ ನಮ್ಮ ಓಣ್ಯಾಗ ಒಬ್ರು ಅಂದ್ರು. ಅದು ಬಿರುದಲ್ಲ, ಕಾವ್ಯನಾಮ ಅಂತ ಹೇಳಿ ಹೇಳಿ ಸಾಕಾತು. ಅವರು ಆರ್.ಬಿ. ಕುಲಕರ್ಣಿ.

ನಮ್ಮಪ್ಪ ಹಳೇ ಬಾಗಲಕೋಟಿಯಾಗ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದ. ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿ ಪುಸ್ತಕ ತರಸ್ತಿದ್ದ. ಕೆಂಪ ಪೆನ್ಸಿಲಿಲೆ ಅಡ್ಡಗೆರಿ ಎಳಿಯೂ ಚಟಾ. ಆಲಮಟ್ಟಿ ಡ್ಯಾಮಿನ ನೀರ ಬರತೈತಿ, ಮನೀ ಬಿಡ್ರಿ ಅಂದಾಗ ನಾವ್ ಒಯ್ದಿದ್ದು ಏನು? ಬಾಗಲಾ, ಕಿಡಕಿ, ತೊಲಿ. ಮನೀ ಬಿಚ್ಚಿ ಕಟಗಿ ಒಯ್ದರು ಎಲ್ಲಾರೂ, ಹೊಸಾ ಮನಿಗೆ ಬರತಾವಂತ. ಪುಸ್ತಕ ಎರಡ ಟ್ರಂಕ್ ತುಂಬಿ ಟೆಂಪೋದಾಗ ಹಾಕಿದ್ವಿ. ‘ಗ್ರಾಮಾಯಣ’ ಮಾತ್ರ ಬಾಜೂ ಮನಿಯವರು ಓದಾಕ ಒಯ್ದಿದ್ದರು. ಹತ್ತ ದಿನದಾಗ ಕೊಡ್ತೀನಿ ಅಂದಿದ್ರು. ಅವರ ಮನಿ ಮದ್ಲ ಖಾಲಿ ಆತು. ಆ ಬಾಜೂ ಮನಿ, ಎದುರ ಮನಿ, ಓಣಿ ಅನ್ನೂದು ಒಮ್ಮೆಲೆ ಸೆಕ್ಟರ್ ನಂಬರ್ ಆಗಿಬಿಡ್ತು. ಅವರು ಯಾವ ಸೆಕ್ಟರಿಗೆ ಹೋದ್ರೋ, ಊರ ಬಿಟ್ರೋ. ಅಪ್ಪ ತನ್ನ ಪರಿಹಾರದ ರೊಕ್ಕದ ಲೆಕ್ಕಕ್ಕಿಂತ ಹೆಚ್ಚ ಈ ಪುಸ್ತಕದ ಲೆಕ್ಕಾ ಮಾಡ್ತಿದ್ದ. ಯಾರರ ಹಳೇ ಓಣಿಯವರು ಬಸ್ ಸ್ಟ್ಯಾಂಡಿನ್ಯಾಗ ಸಿಕ್ರ ಕೇಳೂದ ಅದನ್ನ.

ಮನ್ನೆ ಹೊಸಾ ಪ್ರತಿ ತರಸ್ದೆ. ಕೊರಿಯರಿನವರು ಮಳ್ಯಾಗ ಕಂಪೌಂಡಿನೊಳಗ ಒಗದು ಹೋಗಿದ್ರು, ತಳಾ ಉಬ್ಬೇತಿ. ಪಾದಳ್ಳಿ ಊರು ಮನಶ್ಯಾರ ಜಗಳದಾಗ ಹೆಂಗ ಹಾಳಾಗತೈತಿ ಅನ್ನೂದು ಕತಿ. ಓದಬೇಕಾದ್ರ ಈ ಸಾಲಿಗೆ ಅಪ್ಪ ಗೆರಿ ಎಳದಿದ್ನೇನು, ಇದಕ್ಕ ಎಳದಿದ್ನೇನು ಅಂತ ನೋಡಕೋತ ಕುಂದರ್ತೀನಿ. 23 ದಾಟಿಲ್ಲ.

ಸೆಕೆಂಡ್ ಹ್ಯಾಂಡ್, ಬೆಳಗಾವಿ
ಅಣ್ಣಾರ, ಅಪ್ಪಾವರು ಪುಸ್ತಕದಾಗ ಹೆಸರ ಬರೀತಿದ್ರೇನು? ರದ್ದಿಯೊಳಗ ಬಾಗಲಕೋಟಿ ಕಡಿಂದ ಭಾಳ ಬರ್ತಾವ ನನ್ನ ಕಡೆ. ನೋಡ್ತಿರ್ತೀನಿ. ಆಸೆ ಹಚ್ಚಾಕತ್ತಿಲ್ಲ.

ಮುಳುಗಡೆ ಮನಿ, ನವನಗರ
ಹೆಸರ ಬರೀತಿರಲಿಲ್ಲ. ಕಡೀ ಪುಟದಾಗ ಓದಿ ಮುಗಿಸಿದ ತಾರೀಖ, ಮತ್ತ ಆ ದಿನದ ಜೋಳದ ರೇಟ್ ಬರೀತಿದ್ದ.

ಖಾಲಿ ಕಪಾಟು
ಜೋಳದ ರೇಟ್ ಯಾಕ್ರಿ?

ಮುಳುಗಡೆ ಮನಿ, ನವನಗರ
ಕಿರಾಣಿ ಅಂಗಡಿಯಂವ ಮತ್ತೇನ್ ಬರೀತಾನ್ರೀ.

ಗಣಪತ ಗಲ್ಲಿ
ತಡಾ ಆಗಿ ಬಂದೆ. ಪು.ಲ. ದೇಶಪಾಂಡೆಯವರ ‘ಗಣಗೋತ’, ಮರಾಠಿ, ಪುಟ 71, ‘ರಾವಸಾಹೇಬ’ರ ಹತ್ರ. ಪು.ಲ. ನಮ್ಮ ಆರ್‌ಪಿಡಿ ಕಾಲೇಜಿನ್ಯಾಗ ಕಲಿಸ್ತಿದ್ರು, ಆಗ ಸಿಕ್ಕ ಬೆಳಗಾವಿ ಮನಶ್ಯಾ ಇವರು. ಮರಾಠಿ ಮಾತಾಡಿದ್ರೂ ಒಳಗ ಕನ್ನಡ, ಲಿಂಗಾ ವಚನಾ ಎಲ್ಲಾ ಅದಲಬದಲ. ಓದಬೇಕಾದ್ರ ನಮ್ಮ ಕಾಕಾನ ದನಿ ಕೇಳಸ್ತದ.

ಕಿತ್ತೂರ ಕಹಳೆ
ಕನ್ನಡ ಚರ್ಚಾದಾಗ ಮರಾಠಿ ಪುಸ್ತಕ ಯಾಕ?

ಗಣಪತ ಗಲ್ಲಿ
ಯಾಕಂದ್ರ ಆ ರಾವಸಾಹೇಬರ ಮರಾಠಿಗೆ ಯಾಕ ನಗು ಬರ್ತದ ಅನ್ನೂದು ಕನ್ನಡ ಬಂದವರಿಗಷ್ಟ ಪೂರಾ ತಿಳೀತದ. ಪುಣೇದವರು ಅರ್ಧಾ ನಗ್ತಾರ, ನಾವು ಪೂರಾ ನಗ್ತೀವಿ. ಫಾಯದೆ ನಮ್ಮದ.

ನಿರ್ವಾಹಕ
ಮರಾಠಿ ಪುಸ್ತಕ ನಡೆಯುತ್ತದೆ. ಗಡಿ ಜಗಳ ನಡೆಯುವುದಿಲ್ಲ.

ಡಿಪೋ ನಂಬರ್ 2, ಬೆಳಗಾವಿ
ಒಂದ್ ಸಮಸ್ಯಾ ಆಗೇತಿ. ನಿನ್ನೆ ‘ಕರ್ವಾಲೊ’ನ ಬ್ಯಾಗಿನ್ಯಾಗ ಇಡಾಕ ಮರತು ಡ್ಯಾಶ್‌ಬೋರ್ಡಿನ ಮ್ಯಾಲ ಬಿಟ್ಟಿದ್ದೆ. ಡ್ರೈವರ್ ಅಣ್ಣಾ ಒಯ್ದಾನ. ಬ್ಯಾಟರಿ ಇಳೀತೈತಿ ಅನ್ನಾಂವ ರಾತ್ರಿ ಹನ್ನೊಂದರ ತನಕ ಲೈಟ್ ಹಚ್ಚಿ ಕುಂತಿದ್ದ. ನನ್ನ ಟಿಕೀಟ್ ಗುರ್ತು ಕಿತ್ತು ಒಗದಾನ, ಈಗ ಆತ 80ರಾಗ, ನಾ 58ರಾಗ. ಪುಸ್ತಕ ಕೇಳಿದ್ರ ‘ತಡೀಪಾ, ಮಂದಣ್ಣಂದ ಏನಾಗತೈತಿ ನೋಡೂಣು’ ಅಂತಾನ. ಮುಂಜಾನಿ ಗೇರ್ ಹಾಕ್ಕೋಂತ ಕೇಳಿದ, ‘ಖರೇನ ಹಾರೂ ಓತಿ ಇರತೈತೇನು?’

ಖಾಲಿ ಕಪಾಟು
ಇರತೈತಿ. ಕಡೀಕ ಅದು ಸಿಗತೈತಿ, ಆದ್ರ...

ಡಿಪೋ ನಂಬರ್ 2, ಬೆಳಗಾವಿ
ಏ ಏ ಏ! ಹೇಳಬ್ಯಾಡ!

ಖಾಲಿ ಕಪಾಟು
1980ರಾಗ ಬಂದ ಪುಸ್ತಕರಿ. ಊರಿಗೆಲ್ಲಾ ಗೊತ್ತೈತಿ.

ಡಿಪೋ ನಂಬರ್ 2, ಬೆಳಗಾವಿ
ಊರಿಗೆ ಗೊತ್ತಿದ್ರ ಊರ ಮಂದಿ ಇಳದ ಹೋಗ್ಲಿ. ನನ್ನ ಬಸ್ ಇನ್ನೂ 58ರಾಗ ನಿಂತೈತಿ.

ಹಲಸಂಗಿ ಸೊಸಿ
ಉಡಿಯಾಗ ಫೋನ್ ಮುಚ್ಚಿಟ್ಟು ಹಿಡದೆ. ಹದಿನಾಲ್ಕ ಹಾಡು ಬಂದಾವ. ನಡುವ ನಡುವ ಶೇಂಗಾ ಸುಲಿಯೂ ಸಪ್ಪಳ ಐತಿ. ಒಂದ್ಕಡೆ ‘ಎಮ್ಮಿ ಹಿಂಡೀರೇನs?’ ಅಂತ ಒದರ್ಯಾರ, ಅದೂ ತ್ರಿಪದಿ ಧಾಟಿಯಾಗನ ಐತಿ.

ಇಳಕಲ್ಲ ಸೆರಗು
ನಮ್ಮದು ಪುಟ 101. ನಾಳೆ ಕೊಂಡಿ ಐತಿ. ಮಗಳಿಗೆ ಪುಸ್ತಕ ನನ್ನ ಕೈಯಾಗ ಕೊಟ್ಟು ಮಲಗು ಅಂದೀನಿ.

ಇಂಡಿ ನಿಂಬಿ, ವಿಜಯಪುರ
ಪುಟ 340. ಮತ್ತ ಮಾಸ್ತರ್ರ, ನಿಮ್ಮ ಮನಿ ಎಲ್ಲಿ ಬರತೈತ್ರೀ? ಆ ‘ಗೌರ್ಮೆಂಟ್ ಬ್ರಾಹ್ಮಣ’ ನಿಮ್ಮ ಓದು ಮುಗದ ಮ್ಯಾಲ ನನಗ ಕೊಡ್ರಿ. ಪರೀಕ್ಷಾ ಮುಗದ ಮರದಿನ ಹಿಡೀತೀನಿ.

ನಿವೃತ್ತ ಮಾಸ್ತರ, ವಿಜಯಪುರ
ಮನೆಯ ವಿಳಾಸ ಇಲ್ಲಿ ಬೇಡ, ಬೇರೆಯಾಗಿ ಬರೆಯುತ್ತೇನೆ. ಪುಸ್ತಕ ಕೊಡುತ್ತೇನೆ. ಹತ್ತು ದಿನ ಎಂದು ಹೇಳಿ ಒಯ್ಯಬೇಡ, ಅಷ್ಟೇ.

ಎರಿಹೊಲ, ಬಾಗಲಕೋಟಿ
ಇವತ್ತ ಅಂಗಡಿಗೆ ಹೋಗೂಕಿಂತ ಮದ್ಲ, ಶಟರ್ ಅರ್ಧಾ ಎತ್ತಿ ಒಳಗ ಚೀಲದ ಮ್ಯಾಲ ಕುಂತು ಓದಿದೆ. ಪುಟ 97.

ಇಂಡಿ ನಿಂಬಿ, ವಿಜಯಪುರ
ಅಣ್ಣಾರ, ಡಿಎಪಿ ಬಂತೇನ್ರಿ?